ಮೀನಿನ ಹೊಟ್ಟೆ ತುಂಡು

ನರ್ಸ್ ಲೋ ಕೇಳಿದ ಮೂವತ್ತೊಂದನೆಯ ಪ್ರಶ್ನೆಗೆ ಮುದುಕಿ ಎದೆಯುಬ್ಬಿಸಿ ಉತ್ತರ ಕೊಟ್ಟಳು.

"ಹಾಲು ಬಿಡಿಸುವಾಗ ಮಗನಿಗೆ ಮೊದಲು ಏನು ತಿನ್ನಿಸಿದ್ರಿ?"

"ಉಪ್ಪುಮೀನು. ಗಂಜೀಲಿ ಕಲಸಿ. ಎಂಥಾ ಮೀನು ಅಂತಾನೂ ಬರ್ಕೊ ತಾಯಿ. ರಾವಸ್ ಮೀನು, ಹೊಟ್ಟೆ ತುಂಡು. ಬಾಲದ ಕಡೇದಲ್ಲ."

"ವಾರಕ್ಕೆ ಎಷ್ಟು ಸಲ?"

"ವಾರಕ್ಕಾ? ದಿನಾ! ಕಂಡೋರ ಮನೇಲಿ ಬೆಳೆದ ಮಗುವಾ ಅದು, ವಾರ ನೋಡಿ ತಿನ್ನಿಸೋಕೆ?"

ನರ್ಸ್ ಬರೆದುಕೊಂಡಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ರೋಗಿಗಳ ಮನೆಮನೆಗೂ ಹೋಗಿ ಕೇಳಿ ಬರೆದುಕೊಳ್ಳಲು ಹಾಂಗ್‌ಕಾಂಗ್ ಪಟ್ಟಣದ ಆಸ್ಪತ್ರೆಯಿಂದ ದೋಣಿಯಲ್ಲಿ ಬಂದವಳು. ಮಂಡಿಯ ಮೇಲೆ ರಟ್ಟಿನ ಹಲಗೆ, ಅದರ ಮೇಲೆ ಅಚ್ಚು ಹಾಕಿದ ಹಾಳೆಗಳು. ಮೂಗು ಸುಕ್ಕಾಗದ ಹಾಗೆ ಬಹಳ ಪ್ರಯತ್ನಪಟ್ಟು ಕೂತಿದ್ದಳು. ಈ ಮನೆಯಲ್ಲಿ ಹೊಸಬರು ಹಾಗೆಯೇ ಕೂರುತ್ತಿದ್ದರು. ಕೆಸರಿನಲ್ಲಿ ನೆಟ್ಟ ಮರದ ಕಂಬಗಳ ಮೇಲೆ ಮನೆ, ಮನೆಗೆ ಅಂಟಿಕೊಂಡೇ ಉಪ್ಪು ಹಾಕುವ ಶೆಡ್ಡು, ಸೂರಿನ ತುಂಬ ತಲೆಕೆಳಗಾಗಿ ತೂಗುವ ಮೀನುಗಳು. ನೊಣ ಮೊಟ್ಟೆಯಿಡಬಾರದೆಂದು ಒಂದೊಂದು ಮೀನಿನ ತಲೆಗೂ ಕಾಗದದ ಟೋಪಿ.

"ಮಗಳಿಗೆ?" ನರ್ಸ್ ಕೇಳಿದಳು. "ಒಡಹುಟ್ಟಿದವರದ್ದೂ ಬರೀಬೇಕು."

ಮುದುಕಿ ಯಾವ ಮಗಳು ಎಂಬಂತೆ ಹುಡುಗಿಯ ಮುಖ ನೋಡಿದಳು. ಮಗಳು ಲಿನ್‌ತೈ ಅಲ್ಲೇ ಬಾಗಿಲ ಹತ್ತಿರ ಕೂತು ಮೀನಿನ ಹುರುಪೆ ತೆಗೆಯುತ್ತಿದ್ದಳು. ಮನೆಯಲ್ಲಿ ಇದ್ದವಳು ಅವಳೊಬ್ಬಳೇ ಮಗಳು.

"ಅವಳಿಗೇನು, ಗಂಜಿ. ಉಪ್ಪು ಹಾಕಿದ್ದೆ."

"ಮೀನು?"

"ಹೆಣ್ಣುಕೂಸಿಗೆ ರಾವಸ್ ತಿನ್ನಿಸ್ತಾರಾ? ನಿಮ್ಮ ಪಟ್ಟಣದಲ್ಲಿ ತಿನ್ನಿಸ್ತಾರೇನೋ."

ನರ್ಸ್ ಒಂದು ಚೌಕದೊಳಗೆ ಸೊನ್ನೆ ಬರೆದಳು. ಲಿನ್‌ತೈ ಕೂತಲ್ಲಿಂದಲೇ ಅದನ್ನು ಕಂಡಳು. ಓದು ಬಾರದಿದ್ದರೂ ಸೊನ್ನೆ ಗೊತ್ತಾಗುತ್ತಿತ್ತು.

ಅವಳಿಗೆ ಮೂವತ್ತಾರು. ಮುಂದಿನದಾದರೂ ಗಂಡಾಗಲಿ ಎಂದು ಬೇಡಿಕೊಳ್ಳುವ ಹೆಸರು ಅವಳದು. ಹೆಸರು ಐದು ವರ್ಷ ತಡವಾಗಿ ಕೆಲಸ ಮಾಡಿತು. ತಮ್ಮ ಶುಯ್‌ಫುಕ್ ಹುಟ್ಟಿದ. ಅವನು ಹುಟ್ಟಿದ ದಿನ ಅಪ್ಪ ತಂದ ದೊಡ್ಡ ರಾವಸ್ ಮೀನಿಗೆ ಅವ್ವ ಬಾಣಂತಿ ಹಾಸಿಗೆಯಿಂದ ಎದ್ದು ಬಂದು ತಾನೇ ಉಪ್ಪು ತುಂಬಿದಳಂತೆ. ಚೆಂಗ್ ಮನೆತನದ ಪದ್ಧತಿ ಅದು. ಗಂಡು ಹುಟ್ಟಿದ ದಿನ ಒಂದು ಮೀನು ನೇತುಹಾಕಬೇಕು. ಮಗು ಕತ್ತು ನಿಲ್ಲಿಸಿ ಕೂತು ಬಾಯಿ ಚಪ್ಪರಿಸುವ ಹೊತ್ತಿಗೆ ಆ ಮೀನು ಹದಕ್ಕೆ ಬಂದಿರುತ್ತದೆ. ಉಪ್ಪು ಹಾಕುವ ಮೊದಲು ಒಂದೂವರೆ ದಿನ ನೆರಳಲ್ಲಿ ಹಾಗೇ ಬಿಟ್ಟು, ಮಾಂಸ ಸ್ವಲ್ಪ ಕೊಳೆಯಲು ಶುರುವಾದಾಗ ಉಪ್ಪು ತುಂಬಬೇಕು. ಹೊಟ್ಟೆ ಸೀಳಬಾರದು. ಕಿವಿರಿನ ಒಳಗಿಂದ ಬಿದಿರು ಕಡ್ಡಿಯಲ್ಲಿ ಉಪ್ಪನ್ನು ತಳ್ಳಬೇಕು. ಆಗ ಬರುವ ವಾಸನೆಗೆ ದೋಣಿಯವರು ಪರಿಮಳ ಅನ್ನುತ್ತಾರೆ. ಊರಿನಲ್ಲಿ ಆ ಪರಿಮಳ ಹದವಾಗಿ ಬರಿಸುವ ಕೈ ಚೆಂಗ್ ಮುದುಕಿಯದೊಂದೇ.

ಲಿನ್‌ತೈ ಐದು ವರ್ಷದವಳಿದ್ದಾಗ ಆ ಮೀನಿನ ತಲೆಯ ಕಾಗದವನ್ನು ಕದ್ದು ನೆಕ್ಕಿದ್ದಳು. ಅವ್ವ ಸೌಟಿನಿಂದ ಬಾರಿಸಿದ ಗುರುತು ಎಡ ಹುಬ್ಬಿನ ಮೇಲೆ ಇನ್ನೂ ಇದೆ. ಹುಬ್ಬು ಅಲ್ಲಿ ಎರಡಾಗಿದೆ.

ಒಳಕೋಣೆಯಿಂದ ಕೆಮ್ಮು ಕೇಳಿತು. ಶುಯ್‌ಫುಕ್ ಎದ್ದಿದ್ದ.

ಮೊದಲು ಅವನ ಒಂದು ಕಿವಿ ಕಟ್ಟಿತ್ತು. ಸಮುದ್ರದ ನೀರು ಹೋಗಿದೆ ಎಂದು ದೋಣಿಯ ಮೇಲೆ ಒಂಟಿಕಾಲಲ್ಲಿ ತಿಂಗಳುಗಟ್ಟಲೆ ಕುಣಿದ. ಜೊತೆಯವರು ತಾಳ ಹಾಕಿದರು. ಆಮೇಲೆ ಬೆಳಗ್ಗೆ ಉಗಿದಾಗ ಕಫದಲ್ಲಿ ರಕ್ತದ ಎಳೆ. ಮೈಯಲ್ಲಿ ಉಷ್ಣ ಏರಿದೆ ಎಂದು ಅವ್ವ ಇಪ್ಪತ್ತನಾಲ್ಕು ಬೇರಿನ ಕಹಿ ಕಷಾಯ ಕುಡಿಸಿದಳು. ಕಷಾಯದ ಕಹಿ ಹೋಗಲಿ ಎಂದು ಮೇಲೊಂದು ಚೂರು ಉಪ್ಪುಮೀನು. ಕತ್ತಿನಲ್ಲಿ ಗಂಟು ಎದ್ದ ಮೇಲೆ ಪಟ್ಟಣದ ಆಸ್ಪತ್ರೆಗೆ ಹೋದರು. ಮೂಗಿನ ಹಿಂದೆ, ಗಂಟಲಿನ ಮೇಲೆ, ಯಾರೂ ಇಣುಕಿ ನೋಡದ ಜಾಗದಲ್ಲಿ ಕ್ಯಾನ್ಸರ್ ಎಂದರು. ತಲೆಬುರುಡೆಯ ಎಲುಬಿಗೆ ಹೋಗಿದೆ ಎಂದರು. ಮುಖದ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದು ಮೂವತ್ತು ಸಲ ಕಿರಣ ಬಿಟ್ಟರು. ಕತ್ತಿನ ಚರ್ಮ ಕರಕಲಾಯಿತು. ಬಾಯಿಯ ಜೊಲ್ಲು ಬತ್ತಿತು. ಗಂಟು ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಬಂತು. ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು.

ಒಂದು ಕಣ್ಣು ಮೂಗಿನ ಕಡೆ ತಿರುಗಿ ನಿಂತು ಅವನಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಹೆಂಡತಿ ಯೂಕ್‌ಹಾ ಐದು ತಿಂಗಳ ಮಗುವನ್ನು ಎದುರಿಗೆ ಹಿಡಿದರೆ, "ಅಕ್ಕಾ, ನಂಗೆ ಇಬ್ರು ಗಂಡುಮಕ್ಳು ಕಣೆ. ಒಬ್ಬನ್ನ ನೀನು ಇಟ್ಕೊ" ಎನ್ನುತ್ತಿದ್ದ. ಕರಕಲು ಗಂಟಲಿನಿಂದ ಆ ಮಾತು ಹೊರಗೆ ಬರುವ ಹೊತ್ತಿಗೆ ಮಗು ನಗಲು ಶುರುಮಾಡಿರುತ್ತಿತ್ತು.

ಈ ಮನೆಯಲ್ಲಿ ಲಿನ್‌ತೈಗೆ ಏನನ್ನಾದರೂ ಕೊಡುತ್ತೇನೆಂದವನು ಅವನೊಬ್ಬನೇ.

*

ನರ್ಸಿನ ಚೀಲ ಹೊತ್ತು ಲಿನ್‌ತೈ ಹಲಗೆದಾರಿಯಲ್ಲಿ ದೋಣಿಕಟ್ಟೆಯವರೆಗೂ ಹೋದಳು. ಮುದುಕಿ ಉಡುಗೊರೆಯಾಗಿ ಕೊಟ್ಟ ಎರಡು ಉಪ್ಪುಮೀನಿನ ಕಟ್ಟನ್ನು ನರ್ಸ್ ಎರಡು ಬೆರಳಲ್ಲಿ ಹಿಡಿದಿದ್ದಳು. ಕಟ್ಟೆ ಬಂದಾಗ ಅದನ್ನು ಮೆಲ್ಲಗೆ ಕಂಬದ ಬುಡದಲ್ಲಿ ಇಟ್ಟಳು.

"ಮರೆತ್ರಿ" ಎಂದಳು ಲಿನ್‌ತೈ.

"ಮರೀಲಿಲ್ಲ."

"ನೀವು ಉಪ್ಪುಮೀನು ತಿನ್ನಲ್ವಾ?"

"ತಿಂತೀನಿ. ನನ್ನ ಮಗೂಗೆ ಕೊಡಲ್ಲ." ಅಂದವಳು ಆಡಬಾರದ್ದು ಆಡಿದೆ ಎಂಬಂತೆ ತುಟಿ ಕಚ್ಚಿಕೊಂಡಳು.

ಲಿನ್‌ತೈ ಚೀಲ ಕೆಳಗಿಡಲಿಲ್ಲ. ದೋಣಿ ಇನ್ನೂ ದೂರವಿತ್ತು. ನರ್ಸ್ ದೋಣಿಯನ್ನು ನೋಡಿದಳು, ಚೀಲವನ್ನು ನೋಡಿದಳು.

"ನೋಡಿ, ಹೇಳೋ ಹಾಗಿಲ್ಲ. ಯಾವ ಪ್ರಶ್ನೆ ಮುಖ್ಯ ಅಂತ ಗೊತ್ತಾದ್ರೆ ಮುಂದಿನ ಮನೆಯೋರು ಉತ್ತರ ತಿದ್ದಿ ಹೇಳ್ತಾರೆ. ಕೇಳೋದಷ್ಟೇ ನನ್ನ ಕೆಲಸ."

"ನಾನು ಯಾರಿಗೆ ಹೇಳಲಿ? ನನ್ನ ಮಾತು ಯಾರು ಕೇಳ್ತಾರೆ?"

ಅದು ನರ್ಸ್‌ಗೆ ನಿಜವೆನ್ನಿಸಿರಬೇಕು.

"ಒಂದು ವೈರಸ್ ಇದೆ. ಹೆಚ್ಚುಕಡಿಮೆ ಎಲ್ಲರ ಎಂಜಲಲ್ಲೂ ಇರತ್ತೆ. ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಜೀವಮಾನ ಪೂರ್ತಿ ಸುಮ್ನೆ ಮಲಗಿರತ್ತೆ. ನಮ್ಮ ಕಡೆ ಕೆಲವರ ಮೂಗಿನ ಹಿಂದೆ ಅದು ಎದ್ದು ಕೂರತ್ತೆ. ಕೆಲವು ಮನೆತನದಲ್ಲಿ ಜಾಸ್ತಿ. ನಿಮ್ಮ ಅಪ್ಪನ ಕಡೆ ಯಾರಿಗಾದ್ರೂ?"

"ದೊಡ್ಡಪ್ಪ. ಕತ್ತಲ್ಲಿ ಗಂಟಾಗಿತ್ತು."

"ಹೂಂ. ಅದರ ಮೇಲೆ ಈ ಮೀನು. ದೊಡ್ಡೋರು ತಿನ್ನೋದು ಅಷ್ಟಿಲ್ಲ. ಹಾಲು ಬಿಡೋ ವಯಸ್ಸಲ್ಲಿ, ಎಳೆ ಮೂಗು, ಎಳೆ ಗಂಟಲು ಇರುವಾಗ ತಿಂದ ಮಕ್ಕಳಲ್ಲೇ ಮೂವತ್ತು ನಲವತ್ತು ವರ್ಷದ ಮೇಲೆ ಇದು ಜಾಸ್ತಿ ಕಾಣ್ತಿದೆ. ತಿಂದೋರಿಗೆಲ್ಲ ಬರಲ್ಲ. ತಿನ್ನದಿದ್ದೋರಿಗೂ ಬಂದಿದೆ. ಆದ್ರೆ ಲೆಕ್ಕ ನೋಡಿದ್ರೆ..." ಅವಳು ಲಿನ್‌ತೈಯ ಮುಖ ನೋಡಿ ನಿಲ್ಲಿಸಿದಳು. "ನಿಮ್ಮವ್ವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ."

ದೋಣಿ ಬಂತು, ಹೋಯಿತು. ಲಿನ್‌ತೈ ಕಂಬದ ಬುಡದ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿರುಗಿದಳು. ಅರ್ಧ ದಾರಿಯಲ್ಲಿ ಅವಳಿಗೆ ನಗು ಬಂತು. ತಡೆಯಲಾಗಲಿಲ್ಲ. ಹಲಗೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತು ನಕ್ಕಳು. ಕೆಳಗೆ ಕೆಸರಿನಲ್ಲಿ ಏಡಿಗಳು ಬಿಲ ಸೇರಿದವು. ಮೂವತ್ತೊಂದು ವರ್ಷ ಅವಳು ಆ ಹೊಟ್ಟೆ ತುಂಡನ್ನು ಬಯಸಿದ್ದಳು. ನಗು ನಿಂತ ಮೇಲೆ ತಮ್ಮನ ತಿರುಗಿದ ಕಣ್ಣು ನೆನಪಾಯಿತು. ಕಟ್ಟನ್ನು ನೀರಿಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಅವ್ವ ಉಪ್ಪು ಹಾಕಿದ ಮೀನನ್ನು ಎಸೆಯುವುದು ಅವಳ ಕೈಗೆ ಗೊತ್ತಿರಲಿಲ್ಲ.

ಅವ್ವನಿಗೆ ಹೇಳಬೇಕು ಅಂದುಕೊಂಡಳು. ಆದರೆ ಇವತ್ತೇ ಬೇಡ. ಹೀಗೆ ಹತ್ತು ದಿನ ಇಟ್ಟುಕೊಂಡಳು. ಅವ್ವ ಬೈದಾಗ, ಬುಟ್ಟಿ ಹೊರಿಸಿದಾಗ, ಊಟಕ್ಕೆ ಕೊನೆಗೆ ಕರೆದಾಗ, ಅದನ್ನು ಕಡಲೆಯಂತೆ ದವಡೆಯಲ್ಲಿ ಹೊರಳಿಸುತ್ತಿದ್ದಳು. ಹೇಳಿಬಿಟ್ಟರೆ ಈ ಹೆಂಗಸು ಮುರಿದು ಬೀಳುತ್ತಾಳೆ. ಯಾವತ್ತು ಬೇಕಾದರೂ ಹೇಳಬಹುದು. ಅವಳ ಬದುಕಿನಲ್ಲಿ ಇಷ್ಟು ಸಿಹಿಯಾದದ್ದು ಇನ್ನೊಂದು ಇರಲಿಲ್ಲ.

ಹನ್ನೊಂದನೆಯ ದಿನ ಅವ್ವ ಕೊಕ್ಕೆ ಹಾಕಿದ ಗಳು ತೆಗೆದುಕೊಂಡು ಸೂರಿನಿಂದ ಒಂದು ಮೀನು ಇಳಿಸಿದಳು. ಕೆಂಪು ಕಾಗದದ ಟೋಪಿಯ ಮೀನು. ತಮ್ಮನ ಮಗು ಹೋಯ್ ಹುಟ್ಟಿದ ದಿನ ನೇತುಹಾಕಿದ್ದು.

*

"ಅವ್ವ, ಅದನ್ನ ಕೊಡಬೇಡ."

"ಯಾಕಂತೆ?"

ಲಿನ್‌ತೈ ಹೇಳಿದಳು. ನರ್ಸ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಎಂಜಲಿನ ವೈರಸ್, ದೊಡ್ಡಪ್ಪನ ಕತ್ತಿನ ಗಂಟು, ಎಳೆ ಮೂಗು, ಮೂವತ್ತು ವರ್ಷ. ಹತ್ತು ದಿನ ಅವಳು ಈ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಚೆನ್ನಾಗಿ ಆಡಿದ್ದಳು. ಈಗ ಬಾಯಿಗೆ ಬಂದದ್ದು ತಡವರಿಕೆ.

ಮುದುಕಿ ಕೊನೆಯವರೆಗೂ ಕೇಳಿದಳು. ಕೇಳುತ್ತಲೇ ಮೀನಿನ ಹೊಟ್ಟೆಯಿಂದ ಒಂದು ತುಂಡು ಕೊಯ್ದು ಬಟ್ಟಲಿಗೆ ಹಾಕಿ, ಮೇಲೆ ಶುಂಠಿಯ ಎಸಳು ಹರಡಿದಳು.

"ಮುಗೀತಾ?"

"ನಿಜ ಅವ್ವ."

"ಐದು ವರ್ಷದಲ್ಲಿ ಕಾಗದ ನೆಕ್ಕಿದ ಬಾಯಿ ಅದು. ಈಗ ನನ್ನ ಮೊಮ್ಮಗನ ತುತ್ತಿನ ಮೇಲೆ ಕಣ್ಣು ಬಿತ್ತಾ? ಈ ಊರಲ್ಲಿ ಯಾರು ತಿಂದಿಲ್ಲ ಹೇಳು. ಎಲ್ಲಾ ಸತ್ರಾ?"

"ಎಲ್ಲರಿಗೂ ಬರಲ್ವಂತೆ. ನಮ್ಮ ಮನೆತನದಲ್ಲಿ..."

"ನಮ್ಮ ಮನೆತನ! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇನೆ? ತಮ್ಮ ಸಾಯ್ತಾ ಬಿದ್ದಿದಾನೆ, ಇವಳು ತುಂಡಿನ ಲೆಕ್ಕ ತೆಗೀತಾಳೆ." ಬಟ್ಟಲನ್ನು ಹಬೆಯ ಪಾತ್ರೆಯೊಳಗಿಟ್ಟು ಮುಚ್ಚಿದಳು. ಮುಚ್ಚಿದ ಮೇಲೂ ಕೈಯನ್ನು ಮುಚ್ಚಳದ ಮೇಲೇ ಇಟ್ಟಿದ್ದಳು. ಬಿಸಿ ತಾಗಿರಬೇಕು, ತೆಗೆಯಲಿಲ್ಲ. ಆಮೇಲೆ ತಿರುಗಿ ನೋಡದೆ, ಬೇರೆಯೇ ದನಿಯಲ್ಲಿ ಹೇಳಿದಳು: "ನೀನು ಹೇಳಿದ್ದು ನಿಜವೇ ಆಗಿದ್ರೆ, ಆ ತುಂಡನ್ನ ನಿನಗೆ ತಿನ್ನಿಸಬೇಕಾಗಿತ್ತು."

ಲಿನ್‌ತೈ ಉಪ್ಪಿನ ಗುಡ್ಡೆಯ ಹತ್ತಿರ ಹೋಗಿ ಕೂತಳು. ಅವ್ವ ಮುರಿದು ಬೀಳಲಿಲ್ಲ. ಅವಳು ಕಾಪಿಟ್ಟಿದ್ದ ಕಡಲೆ ಟೊಳ್ಳಾಗಿತ್ತು.

ಯೂಕ್‌ಹಾಗೂ ಹೇಳಿದಳು. ಅವಳು ನೆಲದ ಕಡೆಯವಳು, ರೈತರ ಮಗಳು, ಮದುವೆಗೆ ಮೊದಲು ಪಟ್ಟಣದಲ್ಲಿ ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯಲ್ಲಿದ್ದವಳು. ತಕ್ಷಣ ನಂಬಿದಳು. ನಂಬಿ ಏನು ಮಾಡುವುದು? ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಊಟದ ಹೊತ್ತಿಗೆ ಬಾವಿಕಟ್ಟೆಗೆ ಹೋದಳು. ಮುದುಕಿ ಅಲ್ಲಿಗೇ ಬಂದು, ನೆರೆಯ ಹೆಂಗಸರ ಎದುರಿಗೇ ಕಟ್ಟು ಬಿಚ್ಚಿ ಮಗುವನ್ನು ಎತ್ತಿಕೊಂಡಳು.

"ಗಂಡನ್ನ ಮಣ್ಣು ಮಾಡೋ ಮೊದಲೇ ಮಗೂನ ಅಪಹಾರ ಮಾಡ್ತೀಯಾ?"

ಹೆಂಗಸರು ನಕ್ಕರು. ಯೂಕ್‌ಹಾ ಬರಿ ಬಟ್ಟೆ ಹಿಡಿದುಕೊಂಡು ಹಿಂದೆ ಬಂದಳು.

ಮಗು ಹೋಯ್ ಮೊದಲ ಚಮಚಕ್ಕೆ ಮುಖ ಕಿವುಚಿದ. ಉಪ್ಪು ನಾಲಿಗೆಗೆ ಇಳಿದ ಮೇಲೆ ಕಣ್ಣರಳಿಸಿ ಇನ್ನೊಂದಕ್ಕೆ ಬಾಯಿ ತೆರೆದ. ಮುದುಕಿ, "ನೋಡು, ಚೆಂಗ್ ಮನೆಯ ಬಾಯಿ!" ಎಂದು ಕುಣಿದಾಡಿದಳು. ಶುಯ್‌ಫುಕ್‌ನನ್ನು ಗೋಡೆಗೆ ಒರಗಿಸಿ ಕೂರಿಸಿ ತೋರಿಸಿದಳು. ಅವನೂ ನಕ್ಕ. ಅವನಿಗೂ ಒಂದು ಚೂರು ಕೊಟ್ಟಳು. ಜೊಲ್ಲಿಲ್ಲದ ಬಾಯಲ್ಲಿ ಬೇರೆ ಯಾವ ರುಚಿಯೂ ತಿಳಿಯದವನಿಗೆ ಅದೊಂದು ತಿಳಿಯುತ್ತಿತ್ತು.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಯೂಕ್‌ಹಾ ಶೆಡ್ಡಿಗೆ ಬಂದು ಲಿನ್‌ತೈಯ ಉಪ್ಪು ಮೆತ್ತಿದ ಕೈ ಹಿಡಿದುಕೊಂಡಳು.

"ಅತ್ತಿಗೆ, ನೀವು ಏನಾದ್ರೂ ಮಾಡಿ. ಏನಾದ್ರೂ ಹೇಳಿ. ಇವ್ರನ್ನ ನೋಡ್ತಾ ನೋಡ್ತಾ ಇವನಿಗೂ ಅದೇ ತಿನ್ನಿಸೋದು ನೋಡ್ಬೇಕಲ್ಲ ನಾನು."

"ನನ್ನ ಮಾತು ಕೇಳ್ತಾಳಾ ಅವಳು?"

"ಕೇಳೋ ಅಂಥದ್ದು ಹೇಳಿ."

*

ಕೇಳುವಂಥದ್ದು ಯಾವುದು ಎಂದು ಲಿನ್‌ತೈ ಎರಡು ದಿನ ಯೋಚಿಸಿದಳು. ಕೈ ತನ್ನಷ್ಟಕ್ಕೆ ಕಿವಿರಿನೊಳಗೆ ಕಡ್ಡಿ ತಳ್ಳುತ್ತಿತ್ತು. ಅವ್ವ ಪ್ರೀತಿಸಿದವರಿಗೆ ಮೀನು ತಿನ್ನಿಸುತ್ತಾಳೆ. ಪ್ರೀತಿಸದವರಿಗೆ ತಿನ್ನಿಸುವುದಿಲ್ಲ. ಮೀನು ನಿಲ್ಲಬೇಕಾದರೆ ಪ್ರೀತಿ ನಿಲ್ಲಬೇಕು. ಅವ್ವನ ಪ್ರೀತಿ ನಿಲ್ಲುವ ಜಾಗ ಯಾವುದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅವಳು ಹುಟ್ಟಿದಾಗಿನಿಂದ ಅಲ್ಲೇ ನಿಂತಿದ್ದಳು.

ಬೆಳಗ್ಗೆ ಅವ್ವ ಮಗಳು ಎದುರುಬದುರು ಕೂತು ಮೀನಿಗೆ ಉಪ್ಪು ತುಂಬುತ್ತಿದ್ದಾಗ ಲಿನ್‌ತೈ ಕೆಲಸ ನಿಲ್ಲಿಸದೆ ಹೇಳಿದಳು:

"ಹೋದ ವರ್ಷ ಚಳಿಗಾಲದಲ್ಲಿ ತಮ್ಮ ದೂರದ ಬಲೆಗೆ ಹೋಗಿದ್ನಲ್ಲ, ಎಷ್ಟು ದಿನ?"

"ನಲವತ್ತು. ಯಾಕೆ?"

"ಆವಾಗ ದೋಣಿಯ ಇಂಜಿನ್ ರಿಪೇರಿಯವನು ಒಬ್ಬ ಬರ್ತಿದ್ದ. ನೆಲದ ಕಡೆಯವನು. ಯೂಕ್‌ಹಾಳ ಊರವನಂತೆ."

ಮುದುಕಿಯ ಕಡ್ಡಿ ನಿಂತಿತು.

"ನೀನು ಸಂತೆಗೆ ಹೋದ ದಿನವೇ ಬರ್ತಿದ್ದ. ನಾನು ಶೆಡ್ಡಲ್ಲೇ ಇರ್ತಿದ್ನಲ್ಲ. ನಾನು ಇದೀನಿ ಅಂತ ಯಾರಿಗೆ ನೆನಪಿರತ್ತೆ?"

"ಬಾಯಿ ಮುಚ್ಚು."

"ಮುಚ್ಕೊಂಡೇ ಇದ್ದೆ, ಒಂದು ವರ್ಷದಿಂದ. ಕಾಗದ ನೆಕ್ಕಿದ ಬಾಯಿ ಅಂದೆಯಲ್ಲ. ನನ್ನ ತಮ್ಮನ ತುತ್ತು ಕಂಡೋರ ಮಗು ತಿಂತಿದೆಯಲ್ಲ ಅಂತ ಹೊಟ್ಟೆ ಉರೀತು ನಂಗೆ. ಅದಕ್ಕೇ ಆ ವೈರಸ್ ಕತೆ ಕಟ್ಟಿದೆ."

ಸತ್ಯವನ್ನು ನಂಬದ ಅವ್ವ ಇದನ್ನು ನಂಬುತ್ತಿರುವುದು ಲಿನ್‌ತೈಗೆ ಎದುರಿಗೇ ಕಾಣಿಸಿತು. ಮುದುಕಿಯ ತುಟಿ ಅಲುಗಿತು. ಬೆರಳು ಒಂದೊಂದೇ ಮಡಿಸುತ್ತ ತಿಂಗಳು ಎಣಿಸಿದಳು. ಎದ್ದು ಒಳಗೆ ಹೋದಳು. ಲಿನ್‌ತೈ ಬಾಗಿಲಲ್ಲಿ ನಿಂತು ನೋಡಿದಳು. ಅವ್ವ ತೊಟ್ಟಿಲಿನ ಮೇಲೆ ಬಾಗಿ ಮಗುವಿನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದಳು. ಚೆಂಗ್ ಮನೆಯವರ ಕಿವಿಹಾಲೆ ಅಗಲ, ಜೋತುಬಿದ್ದದ್ದು. ಐದು ತಿಂಗಳ ಕೂಸಿನ ಕಿವಿಹಾಲೆ ಯಾರ ಮನೆಯದೂ ಅಲ್ಲದ ಹಾಗಿತ್ತು. ಎಲ್ಲ ಕೂಸುಗಳದ್ದೂ ಹಾಗೇ ಇರುತ್ತದೆ.

ಮಧ್ಯಾಹ್ನ ಮಗುವಿನ ಗಂಜಿಯ ಬಟ್ಟಲು ಸಿದ್ಧವಾಗಿತ್ತು. ಮುದುಕಿ ಅದರಲ್ಲಿ ಕಲಸಿದ್ದ ಮೀನಿನ ಚೂರುಗಳನ್ನು ಚಾಪ್‌ಸ್ಟಿಕ್ಕಿನಲ್ಲಿ ಒಂದೊಂದೇ ಹೆಕ್ಕಿ ತೆಗೆದಳು. ಒಂದು ಎಳೆಯನ್ನೂ ಬಿಡಲಿಲ್ಲ. ಬಟ್ಟಲನ್ನು ಯೂಕ್‌ಹಾಳ ಕಡೆ ನೆಲದ ಮೇಲೆ ತಳ್ಳಿದಳು.

"ಉಪ್ಪು ಹಾಕಿದೆ" ಎಂದಳು.

ಯೂಕ್‌ಹಾ ಲಿನ್‌ತೈಯ ಕಡೆ ನೋಡಿದಳು. ಅವಳ ಕಣ್ಣು ತುಂಬಿ ಬಂದಿತ್ತು. ಉಪಕಾರದ ಕಣ್ಣೀರು. ಲಿನ್‌ತೈ ಮುಖ ತಿರುಗಿಸಿದಳು.

ಮರುದಿನದ ಹೊತ್ತಿಗೆ ಯೂಕ್‌ಹಾಗೂ ಗೊತ್ತಾಯಿತು. ಮುದುಕಿ ಕಿರುಚಾಡಲಿಲ್ಲ. ಅವಳ ಹಾಸಿಗೆಯನ್ನು ಶೆಡ್ಡಿಗೆ ಎಸೆದು, "ಅವನು ಹೋಗೋವರೆಗೂ ಇರು. ಹೆಣದ ಹಿಂದೆ ಅಳೋಕೆ ಹೆಂಡತಿ ಅಂತ ಒಬ್ಬಳು ಬೇಕು. ಆಮೇಲೆ ನಿನ್ನ ಇಂಜಿನ್ ರಿಪೇರಿಯವನ ಹತ್ರ ಹೋಗು" ಎಂದಳು. ಯಾರು, ಏನು ಎಂದು ಯೂಕ್‌ಹಾ ಕೇಳುತ್ತಲೇ ಇದ್ದಳು. ಇಂಜಿನ್ ಎಂಬ ಮಾತು ಅವಳಿಗೆ ಅರ್ಥವೇ ಆಗಲಿಲ್ಲ. ಹಾಗೆ ಕೇಳುತ್ತ ಕೇಳುತ್ತ ಅವಳ ಕಣ್ಣು ಲಿನ್‌ತೈಯ ಮೇಲೆ ಬಂದು ನಿಂತಿತು.

"ನೀವಾ?"

"ನೀನೇ ಹೇಳಿದ್ಯಲ್ಲ, ಕೇಳೋ ಅಂಥದ್ದು ಹೇಳಿ ಅಂತ." ಲಿನ್‌ತೈ ಪಿಸುಗುಟ್ಟಿದಳು. "ಮಗು ಬದುಕ್ತಾನೆ ಕಣೆ. ಇನ್ನೊಂದು ವರ್ಷ ಕಳೀಲಿ, ಅವನು ದೊಡ್ಡೋನಾಗ್ಲಿ, ನಾನೇ ಎಲ್ಲಾ ಸರಿ ಮಾಡ್ತೀನಿ."

"ಅವ್ರಿಗೆ ಒಂದು ವರ್ಷ ಇದೆಯಾ?"

ಒಳಕೋಣೆಯಲ್ಲಿ ಇದ್ದವನಿಗೆ ಒಂದು ತಿಂಗಳೂ ಇರಲಿಲ್ಲ.

*

ಅವ್ವ ಮಗನಿಗೆ ಹೇಳುವುದಿಲ್ಲ ಎಂದು ಲಿನ್‌ತೈ ನಂಬಿದ್ದಳು. ಸಾಯುವವನಿಗೆ ಯಾರು ಹೇಳುತ್ತಾರೆ? ಮುದುಕಿ ಹೇಳಿದಳು. ಮೋಸಗಾತಿಯ ಕೈಯಿಂದ ನೀರು ಕುಡಿದು ಮಗ ಸಾಯಬಾರದು ಎಂಬುದು ಅವಳ ಪ್ರೀತಿ.

ಅವತ್ತಿನಿಂದ ಅವನು ಎರಡು ಮಕ್ಕಳ ತಮಾಷೆ ಮಾಡಲಿಲ್ಲ. ಮಗುವಿನ ಸದ್ದು ಕೇಳಿದರೆ ಗೋಡೆಯ ಕಡೆ ತಿರುಗುತ್ತಿದ್ದ.

ಮೂರನೆಯ ದಿನ ಲಿನ್‌ತೈ ಹತ್ತಿಯನ್ನು ನೀರಲ್ಲಿ ಅದ್ದಿ ಅವನ ತುಟಿ ಒರೆಸುತ್ತಿದ್ದಳು. ಅವನು ಅವಳ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ.

"ಅಕ್ಕಾ. ನೀನು ಸುಳ್ಳು ಹೇಳಲ್ಲ ನಂಗೆ."

"ಮಾತಾಡಬೇಡ, ಗಂಟಲು ಒಡೆಯತ್ತೆ."

"ಅದು ನಿಜಾನಾ?"

ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಬಟ್ಟೆಯ ಪರದೆ. ಪರದೆಯ ಕೆಳಗೆ ಲಿನ್‌ತೈಗೆ ಅವ್ವನ ಪಾದ ಕಾಣಿಸಿತು. ಹೆಬ್ಬೆರಳ ಉಗುರು ಸೀಳಿದ, ಉಪ್ಪಿಗೆ ಬಿರಿದ ಪಾದ. ಅಲುಗಾಡದೆ ನಿಂತಿತ್ತು. ಅದರಾಚೆ, ಒಲೆಯ ಪಕ್ಕದ ಕೊಕ್ಕೆಯಲ್ಲಿ ಕೆಂಪು ಕಾಗದದ ಟೋಪಿಯ ಮೀನು ಇನ್ನೂ ತೂಗುತ್ತಿತ್ತು. ಹೊಟ್ಟೆಯ ಭಾಗದಲ್ಲಿ ಆರು ದಿನದ ತುಂಡುಗಳು ಮಾತ್ರ ಹೋಗಿದ್ದವು. ಉಳಿದದ್ದೆಲ್ಲ ಹಾಗೇ ಇತ್ತು.

ಇಲ್ಲ ಎಂದರೆ ಸಾಕು. ಇವನು ಈ ಕಡೆ ತಿರುಗಿ ಮಲಗುತ್ತಾನೆ, ಮಗನನ್ನು ಎದೆಯ ಮೇಲೆ ಹಾಕಿಸಿಕೊಳ್ಳುತ್ತಾನೆ, ಇಬ್ಬರಿದ್ದಾರೆ ಎಂದು ನಗುತ್ತಾನೆ. ಆ ಪಾದ ಒಲೆಯ ಕಡೆ ತಿರುಗುತ್ತದೆ. ಸಂಜೆಯ ಗಂಜಿಗೆ ಶುಂಠಿ ಹೆಚ್ಚುವ ಸದ್ದು ಕೇಳುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ, ಮಗುವಿಗೆ ಹಲ್ಲು ಬರುವವರೆಗೆ, ನಡೆಯುವವರೆಗೆ.

ಕಿವಿಯಲ್ಲಿ ಪಿಸುಗುಟ್ಟಬಹುದಿತ್ತು. ಅವನ ಕಿವಿ ಎರಡೂ ಈಗ ಕಟ್ಟಿದ್ದವು. ಕೇಳುವಷ್ಟು ಜೋರಾಗಿ ಹೇಳಿದರೆ ಪರದೆಯ ಆಚೆಗೂ ಕೇಳುತ್ತಿತ್ತು. ತಲೆ ಅಲ್ಲಾಡಿಸಬಹುದಿತ್ತು. ಅವನಿಗೆ ಎರಡು ತಲೆ ಕಾಣುತ್ತಿತ್ತು, ಆದರೆ ಎರಡೂ ಒಂದೇ ಕಡೆ ಅಲ್ಲಾಡುತ್ತಿದ್ದವಲ್ಲ. ಇದು ಅವಳಿಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಅವನನ್ನು ಮಣ್ಣು ಮಾಡಿ ಬಂದ ಮೇಲೆ.

"ನಿಜ" ಎಂದಳು ಲಿನ್‌ತೈ, ಜೋರಾಗಿ.

ಅವನು ಮಣಿಕಟ್ಟು ಬಿಟ್ಟ. ಅವಳನ್ನೇ ನೋಡಿದ, ಅಥವಾ ಅವಳ ಪಕ್ಕದಲ್ಲಿದ್ದ ಇನ್ನೊಬ್ಬಳನ್ನು. ಪರದೆಯ ಕೆಳಗಿನ ಪಾದ ಮೆಲ್ಲಗೆ ಹಿಂದೆ ಸರಿಯಿತು.

ಹದಿನೇಳು ದಿನಗಳ ನಂತರ ಮೂಗಿನಿಂದ ಶುರುವಾದ ರಕ್ತ ನಿಲ್ಲದೆ ಅವನು ಸತ್ತ. ಅವನ ಎದೆಯ ಮೇಲೆ ಮಗುವನ್ನು ಒಂದು ಸಲ ಇಡಲು ಯೂಕ್‌ಹಾ ಹೊಸಿಲ ಹತ್ತಿರ ಕೂತು ಬೇಡಿಕೊಂಡಳು. ಅವನೇ ಕೈ ಅಡ್ಡ ಹಿಡಿದ.

*

ಏಳನೆಯ ದಿನದ ಕಾರ್ಯ ಮುಗಿದ ಬೆಳಗ್ಗೆ ಯೂಕ್‌ಹಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ದೋಣಿಕಟ್ಟೆಗೆ ಹೊರಟಳು. ಲಿನ್‌ತೈ ಅವಳ ಗಂಟು ಹೊತ್ತು ಹಿಂದೆ ಹೋದಳು. ಯೂಕ್‌ಹಾ ತಿರುಗಿ ನೋಡಲಿಲ್ಲ. ಮಗು ನೋಡುತ್ತಿತ್ತು. ಅದರ ಗಲ್ಲ ತುಂಬಿತ್ತು, ಮೂಗಿನಿಂದ ಶುದ್ಧವಾದ ನೀರು ಇಳಿಯುತ್ತಿತ್ತು.

ದೋಣಿ ಹತ್ತುವ ಮೊದಲು ಲಿನ್‌ತೈ, "ಬರೀ ಗಂಜಿ ಕೊಡು. ಮೊಟ್ಟೆ ಕೊಡು. ಮೀನು ಹಸಿಯದು ಮಾತ್ರ" ಎಂದಳು.

"ಇವನು ದೊಡ್ಡೋನಾದಾಗ, ನಿನ್ನಪ್ಪ ಯಾರು ಅಂತ ಜನ ಕೇಳಿದಾಗ, ಏನು ಕೊಡಲಿ ಅತ್ತಿಗೆ? ಅದನ್ನೂ ಹೇಳಿಬಿಡಿ."

ಲಿನ್‌ತೈ ಗಂಟನ್ನು ಅವಳ ಕಾಲ ಬಳಿ ಇಟ್ಟಳು.

"ನಿಮ್ಮ ತುಂಡು ನಿಮಗೆ ಸಿಗಲಿ" ಎಂದಳು ಯೂಕ್‌ಹಾ. ಅವಳು ಬೇರೆ ಶಾಪ ಹಾಕಲಿಲ್ಲ. ಹುಟ್ಟುಗೋಲಿನವನು ದೋಣಿಯನ್ನು ದೂಡಿದ.

ಮನೆಗೆ ಬಂದಾಗ ಅವ್ವ ಅಡುಗೆ ಮುಗಿಸಿದ್ದಳು. ಮಣೆಯ ಮೇಲೆ ಎರಡು ಬಟ್ಟಲು ಇದ್ದವು. ಲಿನ್‌ತೈಗೆ ನೆನಪಿರುವ ಹಾಗೆ ಆ ಮನೆಯಲ್ಲಿ ಅವಳ ಬಟ್ಟಲು ಎಲ್ಲರ ಜೊತೆ ಮಣೆಯ ಮೇಲೆ ಬಂದದ್ದಿಲ್ಲ. ಮುದುಕಿ ಮುಖ ಎತ್ತದೆ, "ಕೂತ್ಕೊ" ಎಂದಳು. "ಇಬ್ರೇ ಅಲ್ವಾ ಇನ್ನು."

ಹಬೆಯ ಪಾತ್ರೆಯ ಮುಚ್ಚಳ ತೆಗೆದಳು. ಶುಂಠಿಯ ಕೆಳಗೆ ರಾವಸ್ ಮೀನಿನ ಹೊಟ್ಟೆ, ಎಣ್ಣೆ ಬಿಟ್ಟು ಹಳದಿಯಾಗಿತ್ತು. ಕೆಂಪು ಕಾಗದ ಒಲೆಯ ಬಾಯಲ್ಲಿ ಅರ್ಧ ಸುಟ್ಟು ಬಿದ್ದಿತ್ತು. ಮುದುಕಿ ಚಾಪ್‌ಸ್ಟಿಕ್ಕಿನಲ್ಲಿ ತುಂಡನ್ನು ಎತ್ತಿದಳು, ಮುಳ್ಳು ಬಿಡಿಸಿದಳು, ಲಿನ್‌ತೈಯ ಗಂಜಿಯ ಮೇಲೆ ಇಟ್ಟಳು. ಇಟ್ಟು ಮೇಲಿನಿಂದ ಸ್ವಲ್ಪ ಒತ್ತಿದಳು, ಮಕ್ಕಳಿಗೆ ಮಾಡುವ ಹಾಗೆ.

"ನೀನೊಬ್ಬಳೇ ನಂಗೆ ನಿಜ ಹೇಳಿದ್ದು" ಎಂದಳು. "ತಿನ್ನು."

ಲಿನ್‌ತೈ ಹೊರಗೆ ನೋಡಿದಳು. ದೋಣಿ ಕೊಲ್ಲಿಯ ತಿರುವು ದಾಟಿರಲಿಲ್ಲ ಇನ್ನೂ. ಈಗ ಎದ್ದು ಒಂದು ಮಾತು ಹೇಳಿದರೆ ಅವ್ವ ಹಲಗೆದಾರಿಯುದ್ದಕ್ಕೂ ಕೂಗಿಕೊಂಡು ಓಡುತ್ತಾಳೆ. ಮೊಮ್ಮಗನನ್ನು ಎತ್ತಿಕೊಂಡು ಬರುತ್ತಾಳೆ. ಮಗುವಿಗೆ ಮನೆ ಸಿಗುತ್ತದೆ, ಅಪ್ಪನ ಹೆಸರು ಸಿಗುತ್ತದೆ, ಈ ತುಂಡೂ ಸಿಗುತ್ತದೆ.

ಗಂಜಿ ಆರುತ್ತಿತ್ತು. ಅವಳು ಬಾಯಿ ತೆರೆದಳು, ತುಂಡನ್ನು ಒಳಗೆ ಹಾಕಿಕೊಂಡಳು.

ಉಪ್ಪು ಮೊದಲು ಹುಬ್ಬಿನ ಹಳೆಯ ಗಾಯಕ್ಕೆ ತಾಗಿದ ಹಾಗಾಯಿತು. ಆಮೇಲೆ ನಾಲಿಗೆಗೆ. ಎಣ್ಣೆ ಕರಗಿತು, ಮೂಗಿನ ಹಿಂದಕ್ಕೆ ಪರಿಮಳ ಏರಿತು. ಅವಳು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು.

"ಇನ್ನೊಂದು ಹಾಕ್ಲಾ?" ಎಂದಳು ಅವ್ವ.

ಲಿನ್‌ತೈ ಬಟ್ಟಲನ್ನು ಮುಂದೆ ಹಿಡಿದಳು.